ಜಿಪಿಎಸ್ ತಗೊಳ್ಳಬೇಕು: ಕಾರಿಗೂ ಆಗಬೇಕು, ಕಾಡುದಾರಿಗೂ ಆಗಬೇಕು

ಜಯನಗರದ ಜಿಪ್ಸಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೆ ಮಾರುತಿ ಜಿಪ್ಸಿ ಇದೆ. ತಿಂಗಳಿಗೆ ಒಂದೆರಡು ಸಲ ಸಕಲೇಶಪುರ, ಮೂಡಿಗೆರೆ ಕಡೆ ಹೋಗುತ್ತೇನೆ. ಪಕ್ಕದ ಸೀಟಿನಲ್ಲಿ ತಮ್ಮ ಇರುತ್ತಾನೆ. ಇಷ್ಟು ದಿನ ಫೋನ್ ನೋಡಿಕೊಂಡೇ ಓಡಿಸಿದ್ದು. ಅದು ಸಾಲದು ಅಂತ ಕಳೆದ ತಿಂಗಳು ಬಿಸಿಲೆ ಕಡೆ ಹೋದಾಗ ಗೊತ್ತಾಯಿತು.

ಟಾರು ಬಿಟ್ಟು ತೋಟದ ದಾರಿಗೆ ಇಳಿದ ಮೇಲೆ ನೆಟ್‌ವರ್ಕ್ ಹೋಯಿತು. ಅದು ಹೋಗುತ್ತದೆ ಅಂತ ಗೊತ್ತಿತ್ತು. ಆದರೆ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಕಾದು ಕಾದು ಫೋನು ಮುಟ್ಟಲಾರದಷ್ಟು ಬಿಸಿಯಾಗಿ, ತಣ್ಣಗಾಗುವ ತನಕ ಕೆಲಸ ಮಾಡಲ್ಲ ಅಂತ ತೋರಿಸಿ ನಿಂತೇ ಹೋಯಿತು. ಕಾಫಿ ತೋಟದೊಳಗೆ ಕವಲಿನ ಮೇಲೆ ಕವಲು. ನೋಡಿದರೆ ಎಲ್ಲವೂ ಒಂದೇ ಥರ. ಎರಡು ಚಕ್ರದ ಜಾಡು, ನಡುವೆ ಹುಲ್ಲು, ಅಕ್ಕಪಕ್ಕ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅಂದರೆ ಯಾವುದು ಬಂದ ದಾರಿ ಅನ್ನುವುದೇ ಮರೆತು ಹೋಗಿತ್ತು. ಸಂಜೆ ಐದೂವರೆಗೆ ತೋಟದ ಕೂಲಿಯವರು ಇರುವ ಒಂದು ಲೈನ್ ಮನೆ ಕಂಡಿತು. ಅಲ್ಲಿದ್ದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬೈಕ್ ಹತ್ತಿ ಮುಂದೆ ಮುಂದೆ ಹೋಗಿ ದಾರಿ ತೋರಿಸಿದರು. ಅವರು ಸಿಗದಿದ್ದರೆ ಆ ರಾತ್ರಿ ನಾವು ಅಲ್ಲೇ.

ಹಾಗಾಗಿ ಕೈಯಲ್ಲಿ ಹಿಡಿಯುವ ಜಿಪಿಎಸ್ ತಗೊಳ್ಳೋಣ ಅಂತಿದ್ದೇನೆ. ಜಿಪ್ಸಿಯಲ್ಲಿ ಡ್ಯಾಶ್‌ಬೋರ್ಡ್‌ಗೆ ಕೂರಬೇಕು, ಇಳಿದು ನಡೆದರೆ ಜೇಬಿಗೂ ಹೋಗಬೇಕು. ನೆಟ್ ಇಲ್ಲದೆ ಮ್ಯಾಪ್ ಕಾಣಬೇಕು. ಮಳೆ ತಡೆಯಬೇಕು. ಬಜೆಟ್ 30,000 ರೂಪಾಯಿ ಒಳಗೆ. ನನ್ನ ಕಸಿನ್ ಮುಂದಿನ ತಿಂಗಳು ಅಮೆರಿಕದಿಂದ ಬರುತ್ತಿದ್ದಾನೆ. ಗಾರ್ಮಿನ್ ಕಂಪನಿಯ ಇನ್‌ರೀಚ್ ತರುತ್ತೇನೆ, ಅದರಲ್ಲಿ ನೆಟ್‌ವರ್ಕ್ ಇಲ್ಲದ ಕಡೆಯಿಂದಲೂ ಮೆಸೇಜ್ ಕಳಿಸಬಹುದು ಅನ್ನುತ್ತಿದ್ದಾನೆ. ತರಿಸಲಾ? ಬಳಸಿದವರು ದಯವಿಟ್ಟು ಹೇಳಿ.

ಕೆಂಗೇರಿ ಬುಲೆಟ್

ಗುರು, ದುಡ್ಡು ಖರ್ಚು ಮಾಡುವ ಮೊದಲು ಇದೊಂದು ಕೇಳಿ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಯೇ ಇಲ್ಲ. ನೆಟ್ ಬೇಕಾಗುವುದು ಮ್ಯಾಪಿನ ಚಿತ್ರ ಇಳಿಸಿಕೊಳ್ಳುವುದಕ್ಕೆ, ಮತ್ತೆ ಮೊದಲ ಸಲ ಜಾಗ ಬೇಗ ಹಿಡಿಯುವುದಕ್ಕೆ. ಮನೆಯಲ್ಲೇ ಕರ್ನಾಟಕದ ಮ್ಯಾಪ್ ಇಳಿಸಿಟ್ಟುಕೊಂಡರೆ ಓಸ್ಮ್‌ಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆಪ್‌ಗಳು ಏರ್‌ಪ್ಲೇನ್ ಮೋಡ್‌ನಲ್ಲೂ ನೀವೆಲ್ಲಿದ್ದೀರಿ ಅಂತ ಸರಿಯಾಗಿ ತೋರಿಸುತ್ತವೆ. ಹೋದ ದಾರಿಯನ್ನು ಓಸ್ಮ್‌ಆಂಡ್ ರೆಕಾರ್ಡ್ ಕೂಡ ಮಾಡುತ್ತದೆ. ಫೋನನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಎಸಿ ಗಾಳಿ ಬರುವ ಕಡೆ ಸಿಕ್ಕಿಸಿ.

ಜಯನಗರದ ಜಿಪ್ಸಿ

ನನ್ನ ಜಿಪ್ಸಿಯಲ್ಲಿ ಎಸಿ ಇಲ್ಲ ಸರ್. ಮೇಲೆ ಬಟ್ಟೆಯ ಹೊದಿಕೆ, ಅಷ್ಟೇ.

ಮಲ್ಲೇಶ್ವರಂ ಚಾರಣಿಗಿತ್ತಿ

ಮೊದಲು ಎಲ್ಲಕ್ಕಿಂತ ಮುಖ್ಯವಾದ ಮಾತು. ನಿಮ್ಮ ಕಸಿನ್‌ಗೆ ಇವತ್ತೇ ಫೋನ್ ಮಾಡಿ, ಇನ್‌ರೀಚ್ ತರಬೇಡ ಅಂತ ಹೇಳಿ. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಇನ್‌ರೀಚ್ ಬರೀ ಜಿಪಿಎಸ್ ಅಲ್ಲ. ಅದು ಇರಿಡಿಯಂ ಉಪಗ್ರಹಗಳ ಮೂಲಕ ಮೆಸೇಜ್ ಕಳಿಸುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಸ್ಯಾಟಲೈಟ್ ಫೋನಿಗೆ ಇರುವ ಕಾನೂನು ಅದಕ್ಕೂ ಬರುತ್ತದೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ವಿದೇಶದಿಂದ ಬಂದ ಚಾರಣಿಗರನ್ನು ಬ್ಯಾಗ್ ತಪಾಸಣೆಯಲ್ಲಿ ಇದು ಸಿಕ್ಕಿತು ಅಂತ ಏರ್‌ಪೋರ್ಟಿನಲ್ಲೇ ಹಿಡಿದು ಕೇಸು ಹಾಕಿರುವ ಸುದ್ದಿ ಒಂದಲ್ಲ, ಹಲವು ಸಲ ಬಂದಿದೆ. ನಿಮ್ಮ ಕಸಿನ್ ಊರಿಗೆ ಬಂದ ಮೊದಲ ದಿನವೇ ಠಾಣೆ ನೋಡುವುದು ಬೇಡ.

ಉಪಗ್ರಹದ ಸಿಗ್ನಲ್ ಬರೀ ಕೇಳಿಸಿಕೊಳ್ಳುವ ಜಿಪಿಎಸ್‌ಗೆ ಈ ತೊಂದರೆ ಇಲ್ಲ. ಅಂಗಡಿಯಲ್ಲಿ ಗೊತ್ತುಮಾಡಿಕೊಳ್ಳುವುದು ಸುಲಭ. ಗಾರ್ಮಿನ್‌ನಲ್ಲಿ 66ಐ, 67ಐ, ಮೊಂಟಾನಾ 700ಐ ಹೀಗೆ ಸಂಖ್ಯೆ ಆದಮೇಲೆ ‘ಐ’ ಅಕ್ಷರ ಇದ್ದರೆ ಒಳಗೆ ಇನ್‌ರೀಚ್ ಇದೆ ಅಂತ ಅರ್ಥ. ಅದನ್ನು ಬಿಟ್ಟುಬಿಡಿ.

ಇನ್ನು ಫೋನು ಸಾಕು ಅನ್ನುವ ಮಾತಿಗೆ ಬರುತ್ತೇನೆ. ಡಿಸೆಂಬರ್‌ನಲ್ಲಿ ಸಾಕು, ಒಪ್ಪುತ್ತೇನೆ. ಜೂನ್‌ನಲ್ಲಿ ಘಟ್ಟಕ್ಕೆ ಬನ್ನಿ. ಪರದೆ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಮ್ಯಾಪ್ ತನ್ನಷ್ಟಕ್ಕೆ ತಾನೇ ಎಲ್ಲೆಲ್ಲಿಗೋ ಜಾರುತ್ತದೆ. ಒರೆಸೋಣ ಅಂದರೆ ಬಟ್ಟೆಯೂ ಒದ್ದೆ, ಕೈಯೂ ಒದ್ದೆ, ಕಾಲಿಗೆ ಉಂಬಳ ಬೇರೆ ಹತ್ತಿರುತ್ತದೆ. ಅಂಥ ಹೊತ್ತಿನಲ್ಲಿ ನನಗೆ ಬೇಕಾಗುವುದು ಹೆಬ್ಬೆರಳಿಗೆ ಗಟ್ಟಿಯಾಗಿ ಸಿಗುವ ಒಂದು ಗುಂಡಿ. ಇನ್ನೊಂದು, ಫೋನ್ ಸತ್ತರೆ ಮ್ಯಾಪ್ ಮಾತ್ರ ಹೋಗುವುದಿಲ್ಲ. ನೆಟ್‌ವರ್ಕ್ ಸಿಕ್ಕ ಕಡೆ ಸಹಾಯಕ್ಕೆ ಕರೆಯಲು ಇದ್ದ ಸಾಧನವೂ ಹೋಗುತ್ತದೆ. ದಾರಿ ನೋಡಲು ಬೇರೆ ಯಂತ್ರ ಇದ್ದರೆ ಫೋನನ್ನು ಆಫ್ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗಿಡಬಹುದು. ನಾನು ಬೇರೆ ಜಿಪಿಎಸ್ ಇಟ್ಟುಕೊಂಡಿರುವುದು ಮುಖ್ಯವಾಗಿ ಇದಕ್ಕೇ.

ಕೆಂಗೇರಿ ಬುಲೆಟ್

ಮಳೆಯ ವಿಷಯ ಒಪ್ಪಿದೆ ಮೇಡಂ. ಬೈಕಿನವರಿಗೆ ಇನ್ನೊಂದು ತೊಂದರೆಯೂ ಇದೆ, ನ್ಯಾಯವಾಗಿ ಹೇಳಬೇಕು. ದೊಡ್ಡ ಎಂಜಿನ್ನಿನ ಬೈಕಿನ ಹ್ಯಾಂಡಲಿಗೆ ಫೋನ್ ಕಟ್ಟಿದರೆ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿ 2021ರಲ್ಲಿ ತಾನೇ ಎಚ್ಚರಿಕೆ ಕೊಟ್ಟಿತ್ತು.

ಜಯನಗರದ ಜಿಪ್ಸಿ

ಕಸಿನ್‌ಗೆ ಹೇಳಿಬಿಟ್ಟೆ ಮೇಡಂ. ಅವನು ಆರ್ಡರ್ ಕೂಡ ಮಾಡಿದ್ದ, ಕ್ಯಾನ್ಸಲ್ ಮಾಡಿಸಿದೆ. ತುಂಬಾ ಥ್ಯಾಂಕ್ಸ್.

ಹಾಗಾದರೆ ಗಾರ್ಮಿನ್‌ನಲ್ಲೇ ಯಾವ ಮಾಡೆಲ್? ಇಟ್ರೆಕ್ಸ್ 22ಎಕ್ಸ್, 32ಎಕ್ಸ್, ಜಿಪಿಎಸ್‌ಮ್ಯಾಪ್ 65, 67, ಮೊಂಟಾನಾ. ಹೆಸರು ಓದಿ ಓದಿ ತಲೆ ಕೆಟ್ಟಿದೆ. ಎಲ್ಲದಕ್ಕೂ ಒಂದೇ ಸಿಕ್ಕರೆ ಒಳ್ಳೆಯದಿತ್ತು.

ರಾಜಾಜಿನಗರದ ಸರ್ವೇಯರ್

ಮೂವತ್ತು ವರ್ಷ ಸರ್ವೆ ಕೆಲಸ ಮಾಡಿ ಈಗ ರಿಟೈರ್ ಆಗಿದ್ದೇನೆ. ಚೈನು ಹಿಡಿದು ಅಳೆದ ಕಾಲದಿಂದ ನೋಡಿದ್ದೇನೆ. ನಿಧಾನವಾಗಿ ಬರೆಯುತ್ತೇನೆ, ಓದಿ.

ಎಲ್ಲದಕ್ಕೂ ಒಂದೇ ಯಂತ್ರ ಅನ್ನುವ ಆಸೆ ಬಿಡಿ. ರಸ್ತೆಯ ಮೇಲೆ ಕಾರು ಓಡಿಸುವವನಿಗೆ ಬೇಕಾದ್ದು ದೊಡ್ಡ ಪರದೆ, ಬಾಯಿಬಿಟ್ಟು ದಾರಿ ಹೇಳುವ ದನಿ, ಟ್ರಾಫಿಕ್ ಸುದ್ದಿ. ಇದರಲ್ಲಿ ಫೋನನ್ನು ಯಾವ ಕೈ ಜಿಪಿಎಸ್ಸೂ ಸೋಲಿಸಲ್ಲ. ಕಾಡುದಾರಿಯವನಿಗೆ ಬೇಕಾದ್ದು ಬ್ಯಾಟರಿ, ಗುಂಡಿ, ಬಿಸಿಲಲ್ಲಿ ಕಾಣುವ ಪರದೆ, ಮತ್ತೆ ಬಂದ ದಾರಿಯ ಗುರುತು. ಇದರಲ್ಲಿ ಕೈ ಜಿಪಿಎಸ್ಸನ್ನು ಫೋನು ಸೋಲಿಸಲ್ಲ. ಎರಡನ್ನೂ ಒಂದರಲ್ಲಿ ಹುಡುಕಿದರೆ ದುಡ್ಡು ಮೂರು ಪಟ್ಟು ಆಗುತ್ತದೆ. ಬೆಂಗಳೂರಿನಿಂದ ಸಕಲೇಶಪುರದ ತನಕ ಫೋನ್ ನೋಡಿ. ಟಾರು ಮುಗಿದ ಕಡೆ ಕೈ ಜಿಪಿಎಸ್ ತೆಗೆಯಿರಿ. ಅದಕ್ಕೆ ಸರಿಯಾದ ಯಂತ್ರ ಆರಿಸಿದರೆ ಸಾಕು.

ಇಟ್ರೆಕ್ಸ್ 10 ಮತ್ತು 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ನಿಮಗೆ ಬೇಡ. ಎಸ್‌ಇಯಲ್ಲಿ ಎರಡು ಪೆನ್ಸಿಲ್ ಸೆಲ್‌ಗೆ 168 ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ, ಆದರೆ ಎರಡರಲ್ಲೂ ಒಳಗೆ ವಿವರವಾದ ಮ್ಯಾಪ್ ಹಾಕಲು ಆಗಲ್ಲ. ತೋಟದ ಕವಲಿನಲ್ಲಿ ಮ್ಯಾಪ್ ಬೇಕೇ ಬೇಕು.

22ಎಕ್ಸ್ ಮತ್ತು 32ಎಕ್ಸ್ ಎರಡೂ 2019ರಲ್ಲಿ ಬಂದವು. 2.2 ಇಂಚಿನ ಬಣ್ಣದ ಪರದೆ, ಒಳಗೆ 8 ಜಿಬಿ, ಜೊತೆಗೆ ಮೆಮೊರಿ ಕಾರ್ಡ್, ಎರಡು ಪೆನ್ಸಿಲ್ ಸೆಲ್‌ಗೆ 25 ಗಂಟೆ ತನಕ. ತೂಕ ಸೆಲ್ ಸೇರಿ 142 ಗ್ರಾಂ. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯುತ್ತದೆ, ಅದನ್ನೇ ಐಪಿಎಕ್ಸ್7 ಅನ್ನುವುದು. ಪೆನ್ಸಿಲ್ ಸೆಲ್ ಅನ್ನುವುದು ಹಳೆ ಕಾಲದ್ದು ಅಂತ ಹುಡುಗರು ಮೂಗು ಮುರಿಯುತ್ತಾರೆ. ಬಿಸಿಲೆಯ ಚಹಾ ಅಂಗಡಿಯಲ್ಲೂ ಅದು ಸಿಗುತ್ತದೆ, ಅದನ್ನು ಯೋಚಿಸಿ.

ಎರಡಕ್ಕೂ ವ್ಯತ್ಯಾಸ ಏನು ಅಂದರೆ, 32ಎಕ್ಸ್‌ನಲ್ಲಿ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಮತ್ತು ನಿಜವಾದ ದಿಕ್ಸೂಚಿ ಇವೆ. 22ಎಕ್ಸ್‌ನಲ್ಲಿ ಎರಡೂ ಇಲ್ಲ. ನಿಮ್ಮ ಕಥೆ ಓದಿದ ಮೇಲೆ ಈ ದಿಕ್ಸೂಚಿ ನಿಮಗೆ ಬೇಕು ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ. ದಿಕ್ಸೂಚಿ ಇಲ್ಲದ ಯಂತ್ರಕ್ಕೆ ನೀವು ಚಲಿಸಿದರೆ ಮಾತ್ರ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಾಗುವುದು. ಓಡುವ ಕಾರಿನಲ್ಲಿ ತೊಂದರೆಯೇ ಇಲ್ಲ. ಕವಲಿನಲ್ಲಿ ನಿಂತು ಎಡಕ್ಕೋ ಬಲಕ್ಕೋ ಅಂತ ನೋಡುವಾಗ ಬಾಣ ಸುಮ್ನೆ ಎತ್ತಲೋ ತಿರುಗಿರುತ್ತದೆ, ಹತ್ತು ಹದಿನೈದು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತದೆ. 32ಎಕ್ಸ್ ನಿಂತಲ್ಲೇ ತೋರಿಸುತ್ತದೆ. ಒಂದು ನೆನಪಿರಲಿ, ಸೆಲ್ ಬದಲಿಸಿದಾಗೆಲ್ಲ ದಿಕ್ಸೂಚಿಯನ್ನು ಮತ್ತೆ ಸರಿಪಡಿಸಬೇಕು. ಮತ್ತೆ ಜಿಪ್ಸಿಯ ಬಾನೆಟ್ ಮೇಲೆ ಇಟ್ಟು ನೋಡಬೇಡಿ, ಕಬ್ಬಿಣ ಅದನ್ನು ಎಳೆಯುತ್ತದೆ. ಗಾಡಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ.

ಜಿಪಿಎಸ್‌ಮ್ಯಾಪ್ ಸಾಲಿನಲ್ಲಿ ತಲೆ ಮೇಲೆ ಕಡ್ಡಿಯ ಹಾಗೆ ಆಂಟೆನಾ ಇರುತ್ತದೆ. ದಟ್ಟ ಮರದ ಕೆಳಗೆ ಅದು ಸಿಗ್ನಲ್ ಚೆನ್ನಾಗಿ ಹಿಡಿಯುತ್ತದೆ. 2020ರ 65 ಮತ್ತು 2023ರ 67 ಎರಡು ಫ್ರೀಕ್ವೆನ್ಸಿಯ ಸಿಗ್ನಲ್ ತಗೊಳ್ಳುತ್ತವೆ, ಬೆಟ್ಟದ ಗೋಡೆಗೆ ಬಡಿದು ಬರುವ ಸುಳ್ಳು ಸಿಗ್ನಲ್‌ನಿಂದ ಆಗುವ ತಪ್ಪು ಅದರಲ್ಲಿ ಕಡಿಮೆ. 67ರಲ್ಲಿ ಬ್ಯಾಟರಿ ಒಳಗೇ ಇದೆ, 180 ಗಂಟೆ ಅನ್ನುತ್ತಾರೆ. ಆದರೆ ಅದು ಅಮೆರಿಕದಲ್ಲೇ 500 ಡಾಲರಿಗೆ ಬಂದ ಯಂತ್ರ. 32ಎಕ್ಸ್ ಅಲ್ಲಿ 300 ಡಾಲರ್, 22ಎಕ್ಸ್ 200 ಡಾಲರಿಗೆ ಬಂದವು. ನಿಮ್ಮ ಬಜೆಟ್‌ಗೆ 32ಎಕ್ಸ್ ಸರಿ. ಕಸಿನ್ ಹೇಗೂ ಬರುತ್ತಿದ್ದಾನೆ ಅಂದಿರಿ. ಅಲ್ಲಿಂದ ತರಿಸಿದರೆ ಒಳಗೆ ಇರುವುದು ಅಮೆರಿಕದ ಮ್ಯಾಪ್, ನಮ್ಮ ಊರಿನದನ್ನು ನೀವೇ ಹಾಕಿಕೊಳ್ಳಬೇಕು. ವಾರಂಟಿ ಇಲ್ಲಿ ನಡೆಯುತ್ತದಾ ಅಂತ ತರಿಸುವ ಮೊದಲೇ ಕೇಳಿಕೊಳ್ಳಿ.

ಯಲಹಂಕದ ಥಾರ್

ನಾನು ಮೊಂಟಾನಾ 700 ಬಳಸುತ್ತೇನೆ. ಎಲ್ಲದಕ್ಕೂ ಒಂದೇ ಅಂತ ಹುಡುಕಿಕೊಂಡು ಹೋಗಿ ತಗೊಂಡಿದ್ದು ಅದನ್ನೇ, ಅದಕ್ಕೆ ಎರಡು ಮಾತು ಹೇಳುತ್ತೇನೆ. 5 ಇಂಚಿನ ಪರದೆ, ಗ್ಲೌಸ್ ಹಾಕಿದ ಕೈಗೂ ಕೇಳುತ್ತದೆ. ಕಾರಿನಲ್ಲಿ ಕೂರಿಸಿ ಓಡಿಸುವುದಕ್ಕೆ ಇದರಷ್ಟು ಒಳ್ಳೆಯದು ನಾನು ನೋಡಿಲ್ಲ. ಆದರೆ 400 ಗ್ರಾಂ ಹತ್ತಿರ ತೂಗುತ್ತದೆ. ಇಳಿದು ಬೆಟ್ಟ ಹತ್ತುವಾಗ ಜೇಬಿನಲ್ಲಿಟ್ಟರೆ ಪ್ಯಾಂಟ್ ಜಾರುತ್ತದೆ, ಕೈಯಲ್ಲಿ ಹಿಡಿದರೆ ಕೈ ನೋಯುತ್ತದೆ. ಹಾಗಾಗಿ ಅದು ಗಾಡಿಯಲ್ಲೇ ಉಳಿಯುತ್ತದೆ. ಊರೊಳಗೆ ಹೆಬ್ಬಾಳದ ಟ್ರಾಫಿಕ್ ನೋಡಲು ನಾನೂ ಫೋನೇ ತೆಗೆಯುವುದು. ಸರ್ವೇಯರ್ ಸರ್ ಹೇಳಿದ್ದು ಸರಿ.

ಯಾವುದೇ ತಗೊಳ್ಳಿ, ಮೌಂಟ್ ಕಡೆ ಗಮನ ಕೊಡಿ. ಗಾಜಿಗೆ ಅಂಟುವ ರಬ್ಬರ್ ಬಟ್ಟಲಿನ ಮೌಂಟ್ ರಸ್ತೆಗೆ ಸರಿ, ಕಲ್ಲುದಾರಿಗೆ ಅಲ್ಲ. ಮಂಡಲಪಟ್ಟಿ ದಾರಿಯಲ್ಲಿ ಒಂದು ದೊಡ್ಡ ಕಲ್ಲು ಹತ್ತಿ ಇಳಿಯುವಾಗ ನನ್ನದು ಟಪ್ ಅಂತ ಬಿಟ್ಟುಕೊಂಡು ನೇರವಾಗಿ ಬ್ರೇಕ್ ಪೆಡಲ್ ಕೆಳಗೆ ಹೋಗಿ ಸೇರಿತು. ಇಳಿಜಾರು. ಬ್ರೇಕ್ ಅರ್ಧಕ್ಕೆ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿದೆ, ಎರಡು ನಿಮಿಷ ಕೈ ನಡುಗುತ್ತಿತ್ತು. ಅವತ್ತಿನಿಂದ ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿ ಬಿಗಿದ ಗುಂಡುತಲೆಯ ಮೌಂಟ್, ಜೊತೆಗೆ ಯಂತ್ರಕ್ಕೊಂದು ದಾರ. ಜಿಪ್ಸಿಯಲ್ಲಿ ಮುಂದಿನ ಹಿಡಿಕೆ ಕಂಬಿ ಇದೆ ಅಲ್ವಾ, ಅದಕ್ಕೆ ಬಿಗಿಯುವ ಕ್ಲ್ಯಾಂಪ್ ತಗೊಳ್ಳಿ. ದಾರ ಮಾತ್ರ ಮರೆಯಬೇಡಿ.

ಜಯನಗರದ ಜಿಪ್ಸಿ

ಬ್ರೇಕ್ ಪೆಡಲ್ ಮಾತು ಓದಿ ಎದೆ ಝಲ್ ಅಂದಿತು. ದಾರ ಕಟ್ಟುತ್ತೇನೆ. 32ಎಕ್ಸ್ ಅಂತ ಮನಸ್ಸಾಗಿದೆ. 2.2 ಇಂಚು ಅಂದರೆ ಬಹಳ ಚಿಕ್ಕದಲ್ವಾ ಅನ್ನುವುದೊಂದೇ ಅಳುಕು. ಮತ್ತೆ ಮ್ಯಾಪ್ ಎಲ್ಲಿಂದ ಹಾಕಬೇಕು?

ಮಲ್ಲೇಶ್ವರಂ ಚಾರಣಿಗಿತ್ತಿ

ಚಿಕ್ಕದೇ. ಓಡಿಸುವವರು ನೋಡುವ ಪರದೆ ಅಲ್ಲ ಅದು. ನಿಮ್ಮ ತಮ್ಮನ ಕೈಗೆ ಕೊಡಿ. ಕಾಡುದಾರಿಯಲ್ಲಿ ನಿಮ್ಮ ಕಣ್ಣು ಚಕ್ರದ ಮುಂದೆ ಇರಬೇಕು. ಇನ್ನು ಬಿಸಿಲು ಬಿದ್ದಷ್ಟೂ ಆ ಪರದೆ ಚೆನ್ನಾಗಿ ಕಾಣುತ್ತದೆ, ಬ್ಯಾಕ್‌ಲೈಟ್ ಆಫ್ ಮಾಡಿಟ್ಟರೂ ನಡೆಯುತ್ತದೆ. ಫೋನಿಗಿಂತ ಉಲ್ಟಾ.

ಮ್ಯಾಪಿಗೆ ದುಡ್ಡು ಕೊಡಬೇಕಾಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ 2004ರಿಂದ ಕಟ್ಟುತ್ತಿರುವ ಮ್ಯಾಪ್ ಇದೆ. ಅದನ್ನು ಗಾರ್ಮಿನ್‌ಗೆ ಹೊಂದುವ ಹಾಗೆ ಮಾಡಿ ಉಚಿತವಾಗಿ ಕೊಡುವ ತಾಣಗಳಿವೆ. ಭಾರತದ ಫೈಲ್ ಇಳಿಸಿ, ಮೆಮೊರಿ ಕಾರ್ಡಿನಲ್ಲಿ ‘ಗಾರ್ಮಿನ್’ ಅಂತ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಆಮೇಲೆ ಸೆಟಪ್‌ಗೆ ಹೋಗಿ ಆ ಮ್ಯಾಪನ್ನು ಆನ್ ಮಾಡಿ, ಹಳೆಯದನ್ನು ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದರ ಮೇಲೊಂದು ಕೂತು ಏನೂ ತಿಳಿಯುವುದಿಲ್ಲ. ಎತ್ತರದ ಗೆರೆಗಳಿರುವ ಫೈಲನ್ನೇ ಆರಿಸಿ. ಗೆರೆಗಳು ಒತ್ತೊತ್ತಾಗಿ ಇದ್ದ ಕಡೆ ಇಳಿಜಾರು ಕಡಿದು ಅಂತ ಗಾಡಿ ಇಳಿಸುವ ಮೊದಲೇ ಗೊತ್ತಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ. ಹೊಸಬರು ಯಂತ್ರ ತಗೊಂಡು ‘ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು’ ಅನ್ನುತ್ತಾರೆ. ಘಟ್ಟದಲ್ಲಿ ಅದನ್ನು ನಂಬಬೇಡಿ. ಮ್ಯಾಪಿನಲ್ಲಿ ಇರುವ ದಾರಿ ಹೋದ ಮಳೆಗಾಲದಲ್ಲಿ ಕುಸಿದಿರಬಹುದು, ಗೇಟು ಬಿದ್ದಿರಬಹುದು. ನೀವು ನಂಬಬೇಕಾದ್ದು ಟ್ರ್ಯಾಕ್. ಅಂದರೆ ನಿಮ್ಮ ಗಾಡಿಯೇ ಹಿಂದೆ ಬಿಟ್ಟುಕೊಂಡು ಬಂದ ಗೆರೆ. ಆ ದಾರಿಯಲ್ಲಿ ನಿಮ್ಮ ಗಾಡಿ ಬಂದಿದೆ ಅನ್ನುವುದಕ್ಕೆ ಅದೇ ಸಾಕ್ಷಿ, ವಾಪಸ್ಸೂ ಹೋಗಬಲ್ಲದು.

ಟಾರು ಬಿಡುವ ಜಾಗದಲ್ಲಿ ಗಾಡಿ ನಿಲ್ಲಿಸಿ ಹಳೆ ಟ್ರ್ಯಾಕ್ ಅಳಿಸಿ, ರೆಕಾರ್ಡ್ ಆನ್ ಮಾಡಿ, ಮ್ಯಾಪ್ ಮೇಲೆ ಕಾಣುವ ಹಾಗೆ ಇಡಿ. ಆಮೇಲೆ ಪ್ರತಿ ಕವಲಿನಲ್ಲೂ ಒಂದು ಗುರುತು ಒತ್ತಿ. ವಾಪಸ್ ಬರುವಾಗ 80 ಮೀಟರ್ ಅಳತೆಗೆ ಹತ್ತಿರ ಮಾಡಿಕೊಳ್ಳಿ. ನಿಮ್ಮ ಬಾಣ ಗೆರೆಯ ಮೇಲೇ ಕೂತಿದ್ದರೆ ಸರಿಯಾದ ದಾರಿ. ಬಾಣ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯುತ್ತಾ ಹೋದರೆ ತಪ್ಪು ಕವಲು ಹಿಡಿದಿದ್ದೀರಿ ಅಂತ. ಮೊದಲ ಮೂವತ್ತು ನಲವತ್ತು ಮೀಟರಿನಲ್ಲಿ ಅದು ಮರದ ಕೆಳಗಿನ ಸಣ್ಣ ತಪ್ಪಿನ ಥರವೇ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ನಿಂತು ನೋಡಿ.

ರಾಜಾಜಿನಗರದ ಸರ್ವೇಯರ್

ಮೇಡಂ ಚೆನ್ನಾಗಿ ಹೇಳಿದರು. ನಾನು ಸೇರಿಸಬೇಕಾದ್ದು ಅಂಕಿಗಳ ಬಗ್ಗೆ. ಇದರಲ್ಲಿ ಆಗುವ ತಪ್ಪು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಜಾಗದ ಅಕ್ಷಾಂಶ 12.42 ಡಿಗ್ರಿ ಅಂತ ಫೋನಿನಲ್ಲಿ ಹೇಳಿದರು. ಈ ಕಡೆ ಬರೆದುಕೊಂಡವನು 12 ಡಿಗ್ರಿ 42 ಮಿನಿಟ್ ಅಂತ ಒತ್ತಿದ. ಎರಡೂ ಒಂದೇ ಅಲ್ಲ. 12.42 ಅಂದರೆ 12 ಡಿಗ್ರಿ 25.2 ಮಿನಿಟ್. ಒಂದು ಮಿನಿಟಿಗೆ 1.85 ಕಿಲೋಮೀಟರ್ ಹಿಡಿದರೆ ವ್ಯತ್ಯಾಸ 31 ಕಿಲೋಮೀಟರ್. ಕೊಡಗಿನಲ್ಲಿ ಕಾಯುತ್ತಿದ್ದ ನಮ್ಮ ತಂಡಕ್ಕೆ ಸಾಮಾನು ತರಬೇಕಿದ್ದ ಜೀಪು ಅಷ್ಟು ಉತ್ತರಕ್ಕೆ ಹೋಗಿ ನಿಂತಿತ್ತು. ಮಧ್ಯಾಹ್ನದ ಊಟ ರಾತ್ರಿ ಒಂಬತ್ತಕ್ಕೆ ಬಂತು. ಹಾಗಾಗಿ ಗುಂಪಿನಲ್ಲಿ ಹೋಗುವಾಗ ಎಲ್ಲರ ಯಂತ್ರವೂ ಒಂದೇ ರೀತಿಯ ಅಂಕಿ ತೋರಿಸುವ ಹಾಗೆ ಹೊರಡುವ ಮೊದಲೇ ಮಾಡಿಕೊಳ್ಳಿ.

ಇನ್ನೊಂದು, ಯಾರಾದರೂ ಹಳೆ ಸರ್ವೆ ಆಫ್ ಇಂಡಿಯಾ ಟೋಪೋಶೀಟ್, ಅಂದರೆ ಸರ್ಕಾರಿ ನಕ್ಷೆಯ ಹಾಳೆ, ಕೊಟ್ಟರೆ ಅದರ ಅಂಕಿಯನ್ನು ನೇರವಾಗಿ ಹಾಕಬೇಡಿ. ಅವು ಭೂಮಿಯ ಆಕಾರಕ್ಕೆ ಎವರೆಸ್ಟ್ 1830 ಅನ್ನುವ ಲೆಕ್ಕದ ಮೇಲೆ ಮಾಡಿದವು, ಜಿಪಿಎಸ್ ಡಬ್ಲ್ಯುಜಿಎಸ್84 ಲೆಕ್ಕದ ಮೇಲೆ ನಡೆಯುತ್ತದೆ. ನೂರು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಅದರ ನಂತರ ಬಂದ ಓಪನ್ ಸೀರೀಸ್ ಹಾಳೆಗಳಾದರೆ ತೊಂದರೆ ಇಲ್ಲ.

ಬ್ಯಾರೋಮೀಟರ್ ಬಗ್ಗೆ ಒಂದು ಸುಲಭದ ಉಪಾಯ. ಹವೆ ಬದಲಾದ ಹಾಗೆ ಅದು ತೋರಿಸುವ ಎತ್ತರವೂ ಬದಲಾಗುತ್ತದೆ, ಅದಕ್ಕೆ ಆಗಾಗ ಗೊತ್ತಿರುವ ಎತ್ತರಕ್ಕೆ ಸರಿ ಮಾಡಬೇಕು. ಎಲ್ಲಿ ಸಿಗುತ್ತದೆ ಗೊತ್ತಿರುವ ಎತ್ತರ? ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತಾರೆ. ಸಕಲೇಶಪುರದಲ್ಲಿ ಚಹಾಕ್ಕೆ ನಿಲ್ಲುತ್ತೀರಿ, ಸ್ಟೇಷನ್ನಿಗೆ ಹೋಗಿ ಎರಡು ನಿಮಿಷದಲ್ಲಿ ಸರಿ ಮಾಡಿಕೊಂಡು ಬನ್ನಿ.

ವಿಜಯನಗರದ ಹೊಸಬ

ನಡುವೆ ಒಂದು ಪ್ರಶ್ನೆ. ಜಿಪಿಎಸ್ ಥರ ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆ ಅಲ್ವಾ? ಅದು ಬಿಟ್ಟು ಅಮೆರಿಕದ ಜಿಪಿಎಸ್ ಯಾಕೆ?

ರಾಜಾಜಿನಗರದ ಸರ್ವೇಯರ್

ಒಳ್ಳೆ ಪ್ರಶ್ನೆ. ಬಿಟ್ಟು ಅಲ್ಲ, ಜೊತೆಗೆ ಅಂತ ತಿಳಿಯಿರಿ. ಈಗಿನ ಯಂತ್ರಗಳು ಒಂದೇ ದೇಶದ ಉಪಗ್ರಹ ನೋಡುವುದಿಲ್ಲ, ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಹೀಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತವೆ. ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ಬೇಕು ಅಂದರೆ ಕಡಿಮೆ ಅಂದರೂ ನಾಲ್ಕು ಉಪಗ್ರಹ ಕಾಣಬೇಕು. ಬೆಟ್ಟದ ಸಂದಿಯಲ್ಲಿ ಅರ್ಧ ಆಕಾಶ ಮುಚ್ಚಿರುತ್ತದೆ, ಆಗ ಹೆಚ್ಚು ಉಪಗ್ರಹ ಇದ್ದಷ್ಟೂ ಒಳ್ಳೆಯದು.

ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಕೇಂದ್ರ ನಮ್ಮ ಬೆಂಗಳೂರಿನ ಪಕ್ಕ ಬ್ಯಾಲಾಳುವಿನಲ್ಲಿದೆ. ಮೊದಲ ಸಾಲಿನ ಉಪಗ್ರಹಗಳು ಎಲ್5 ಮತ್ತು ಎಸ್ ಅನ್ನುವ ಫ್ರೀಕ್ವೆನ್ಸಿ ಬ್ಯಾಂಡಿನಲ್ಲಿ ಮಾತ್ರ ಸಿಗ್ನಲ್ ಕೊಡುತ್ತಿದ್ದವು, ಸಾಮಾನ್ಯ ಯಂತ್ರಗಳು ಕೇಳಿಸಿಕೊಳ್ಳುವುದು ಎಲ್1. ಅದಕ್ಕೇ ಅಷ್ಟಾಗಿ ಹರಡಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಎಲ್1 ಕೂಡ ಸೇರಿಸಿದರು, ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರವೂ ಅದರಲ್ಲಿದೆ. 2020ರಿಂದ ಈಚೆಗೆ ಕೆಲವು ಫೋನುಗಳ ಚಿಪ್ಪಿನಲ್ಲಿ ನಾವಿಕ್ ಬರುತ್ತಿದೆ.

ಇದರ ಜೊತೆ ಗಗನ್ ಅಂತ ಇನ್ನೊಂದಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು. ಜಿಪಿಎಸ್‌ನ ತಪ್ಪನ್ನು ತಿದ್ದಿ ಹೇಳುವ ವ್ಯವಸ್ಥೆ ಅದು, ತಿದ್ದುಪಡಿ ಮೇಲಕ್ಕೆ ಹೋಗುವುದು ನಮ್ಮ ಕುಂದಲಹಳ್ಳಿಯಿಂದ. ಯಂತ್ರದ ಸೆಟಪ್‌ನಲ್ಲಿ ವಾಸ್ (ಇಂಥದ್ದೇ ವ್ಯವಸ್ಥೆಯ ಅಮೆರಿಕದ ಹೆಸರು) ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿಡಿ.

ಬನಶಂಕರಿ ಜೀಪು

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ನನ್ನ ಅನುಭವ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಅಂತ ಒಂದು ಕೈ ಜಿಪಿಎಸ್ ತಗೊಂಡೆ. ಅಂಗಡಿಯವರು ಆನ್ ಮಾಡಿ ತೋರಿಸಿದರು, ಪರದೆ ಚೆನ್ನಾಗಿತ್ತು, ದುಡ್ಡು ಕೊಟ್ಟು ಬಂದೆ. ಎರಡು ವಾರಕ್ಕೆ ಸಣ್ಣ ಗುಂಡಿಗೆ ಬಿದ್ದರೂ ಆಫ್ ಆಗಲು ಶುರುವಾಯಿತು. ಬಿಚ್ಚಿ ನೋಡಿದರೆ ಸೆಲ್ ಕೂರುವ ಕಡೆ ಸ್ಪ್ರಿಂಗಿನ ಬುಡದಲ್ಲಿ ಹಸಿರು ಪುಡಿ. ಯಾವಾಗಲೋ ಸೆಲ್ ಸೋರಿ ತಾಮ್ರ ತಿಂದಿತ್ತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಸೆಲ್ ತೆಗೆದು ಬುಡಕ್ಕೆ ಟಾರ್ಚ್ ಬಿಟ್ಟು ನೋಡಿ. ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಹರಿದಿದ್ದರೆ ಬೇಡವೇ ಬೇಡ, ನೀರು ಅಲ್ಲಿಂದಲೇ ಹೋಗುತ್ತದೆ. ಆಮೇಲೆ ಅಂಗಡಿಯಿಂದ ಹೊರಗೆ ಬಂದು ಆಕಾಶ ಕಾಣುವ ಕಡೆ ನಿಂತು ಉಪಗ್ರಹದ ಪುಟ ತೆಗೆದು ಕಾಯಿರಿ. ಬಹಳ ದಿನ ಆಫ್ ಇದ್ದ ಯಂತ್ರಕ್ಕೆ ಹೊತ್ತು ಬೇಕು, ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯಲು ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ.

ಇಟ್ರೆಕ್ಸ್ ತಗೊಳ್ಳುವವರು ಇದನ್ನೂ ತಿಳಿದಿರಿ. ಕಾರಿನ ಯುಎಸ್‌ಬಿಗೆ ಸಿಕ್ಕಿಸಿದರೆ ಯಂತ್ರ ನಡೆಯುತ್ತದೆ, ಒಳಗಿನ ಸೆಲ್ ಚಾರ್ಜ್ ಆಗುವುದಿಲ್ಲ. ಚಾರ್ಜ್ ಆಗುವ ಸೆಲ್ ಎರಡು ಜೊತೆ ಇಟ್ಟುಕೊಂಡು ಮನೆಯಲ್ಲಿ ಬೇರೆ ಚಾರ್ಜರಿಗೆ ಹಾಕಬೇಕು. ಸೆಟಪ್‌ನಲ್ಲಿ ಸೆಲ್ ಯಾವ ಜಾತಿಯದು ಅಂತಲೂ ಹೇಳಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಅಂತ ತೋರಿಸುವುದು ಸುಳ್ಳಾಗುತ್ತದೆ.

ಮಲ್ಲೇಶ್ವರಂ ಚಾರಣಿಗಿತ್ತಿ

ಇನ್ನೊಂದು ಮಾತು, ಯಾರೂ ತಪ್ಪು ತಿಳಿಯಬೇಡಿ. ಮ್ಯಾಪಿನಲ್ಲಿ ಗೆರೆ ಇದೆ ಅಂದ ಮಾತ್ರಕ್ಕೆ ಅಲ್ಲಿ ಗಾಡಿ ಇಳಿಸಬಹುದು ಅಂತ ಅಲ್ಲ. ತೋಟದ ದಾರಿ ಯಾರದೋ ಮನೆಯ ಅಂಗಳ ಇದ್ದ ಹಾಗೆ, ಕೇಳಿಕೊಂಡು ಹೋಗಿ. ರಿಸರ್ವ್ ಫಾರೆಸ್ಟ್ ಒಳಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ, ಯಂತ್ರಕ್ಕೆ ಅದು ಗೊತ್ತಿಲ್ಲ, ಅಲ್ಲೇ ದಾರಿ ಹಾಕಿ ಕೊಡುತ್ತದೆ. ಮತ್ತೆ ನಿಮ್ಮ ಟ್ರ್ಯಾಕನ್ನು ಎಲ್ಲರಿಗೂ ಹಂಚುವ ಮೊದಲು ಒಂದು ಸಲ ಯೋಚಿಸಿ. ಒಬ್ಬರು ಹಾಕಿದ ಗೆರೆ ನೋಡಿಕೊಂಡು ಮುಂದಿನ ಶನಿವಾರ ನಲವತ್ತು ಗಾಡಿ ಹೋದರೆ ಆ ಹುಲ್ಲುಗಾವಲು ಕೆಸರಿನ ಗದ್ದೆ ಆಗುತ್ತದೆ. ನಾನು ಆ ಥರ ಆದ ಜಾಗ ನೋಡಿದ್ದೇನೆ, ಮತ್ತೆ ಹಸಿರಾಗಲು ವರ್ಷಗಳು ಬೇಕು.

ಜಯನಗರದ ಜಿಪ್ಸಿ

ಐದು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು. 32ಎಕ್ಸ್ ತಗೊಂಡೆ. ಮೊದಲ ಭಾನುವಾರ ತಮ್ಮ ನಾನು ಇಬ್ಬರೂ ತುರಹಳ್ಳಿಗೆ ಹೋಗಿ ನಡೆದು ನೋಡಿದೆವು. ಟ್ರ್ಯಾಕ್ ಆನ್ ಮಾಡಿ ಬೇಕೆಂದೇ ಅಡ್ಡಾದಿಡ್ಡಿ ತಿರುಗಿ, ಆಮೇಲೆ ಗೆರೆ ಹಿಡಿದು ವಾಪಸ್ ಬಂದೆವು. ಬಾಣ ಪಕ್ಕಕ್ಕೆ ಸರಿಯುವುದು ಹೇಗಿರುತ್ತದೆ ಅಂತ ಅಲ್ಲೇ ಕಣ್ಣಿಗೆ ಅಭ್ಯಾಸ ಆಯಿತು. ಮೇಡಂ ಹೇಳಿದ ಹಾಗೆ ಶುರುವಿನಲ್ಲಿ ಎರಡು ಸಲ ಮೋಸ ಹೋದೆವು.

ಮೊನ್ನೆ ಬಿಸಿಲೆ ಕಡೆಗೆ ಮತ್ತೆ ಹೋದೆವು. ಹಾಸನ ದಾಟುವ ತನಕ ಫೋನು, ಸಕಲೇಶಪುರ ಸ್ಟೇಷನ್ನಿನಲ್ಲಿ ಬೋರ್ಡು ನೋಡಿ ಎತ್ತರ ಸರಿ ಮಾಡಿದ್ದು, ಟಾರು ಬಿಡುವ ಕಡೆ ಫೋನ್ ಒಳಗೆ, ಜಿಪಿಎಸ್ ತಮ್ಮನ ಕೈಯಲ್ಲಿ, ಕುತ್ತಿಗೆಗೆ ದಾರ. ಹೋದ ಸಲ ದಾರಿ ತೋರಿಸಿದ ರೈಟರ್ ಮನೆಗೇ ಮೊದಲು ಹೋಗಿ, ತೋಟದೊಳಗೆ ಹಾದು ಹೋಗಬಹುದಾ ಅಂತ ಕೇಳಿದೆವು. ಅವರು ಖುಷಿಯಾಗಿ ಒಪ್ಪಿದರು, ಕಾಫಿ ಕೊಟ್ಟರು. ಯಂತ್ರ ಕೈಗೆ ತಗೊಂಡು ಪರದೆಯ ಮೇಲೆ ಬೆರಳಿಟ್ಟು, ಈ ಗೆರೆ ಈಗ ಇಲ್ಲ, ಹಳ್ಳದ ಮೇಲಿನ ಮೋರಿ ಹೋದ ವರ್ಷದ ಮಳೆಗೆ ಕೊಚ್ಚಿ ಹೋಗಿದೆ, ಈಚೆ ಕಡೆಯಿಂದ ಸುತ್ತಿ ಹೋಗಿ ಅಂದರು. ಅವರು ಹೇಳಿದ ಸುತ್ತುದಾರಿಯಲ್ಲಿ ಹೋಗಿ, ಹನ್ನೊಂದು ಕವಲಿಗೆ ಹನ್ನೊಂದು ಗುರುತು ಒತ್ತಿ, ಕತ್ತಲಾಗುವ ಮೊದಲು ಅದೇ ಗೆರೆ ಹಿಡಿದು ಟಾರಿಗೆ ಬಂದೆವು.

ಕೊಚ್ಚಿ ಹೋದ ಮೋರಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿನ್ನೆ ರಾತ್ರಿ ತಿದ್ದಿದ್ದೇನೆ. ಸುತ್ತುದಾರಿ ತೋಟದವರದು, ಅದನ್ನು ಹಾಕಿಲ್ಲ. ಆ ಕಡೆ ಹೋಗುವವರು ಹಳೆ ಫೈಲ್ ಇಟ್ಟುಕೊಂಡಿದ್ದರೆ ಹೊಸದು ಬಂದ ಮೇಲೆ ಇಳಿಸಿಕೊಳ್ಳಿ.